ಕಂಟೇನರ್ ಲಾರಿಗೆ ಫೈಬರ್ ಡಿಫ್ಲೆಕ್ಟರ್: ಮಾಲು ಚೆನ್ನ, ಕೂರಿಸುವುದರಲ್ಲೇ ಎಡವಟ್ಟು

ದಾವಣಗೆರೆಯ ಲಾರಿ ಬಾಡಿ ಗ್ಯಾರೇಜುಗಳಲ್ಲಿ ಕ್ಯಾಬಿನ್ ತಲೆಯ ಮೇಲೆ ಕೂರಿಸಿಕೊಡುವ ಫೈಬರ್ ಡಿಫ್ಲೆಕ್ಟರ್ (ಎದುರುಗಾಳಿಯನ್ನು ಕಂಟೇನರ್ ಮೇಲಕ್ಕೆ ಹಾಯಿಸುವ ಇಳಿಜಾರು ತುಂಡು), ಹೈವೇಯಲ್ಲೇ ಓಡುವ ಕಂಟೇನರ್ ಗಾಡಿಗೆ ಧಾರಾಳವಾಗಿ ಕೊಳ್ಳಬಹುದಾದ ಮಾಲು. ಆದರೆ ಅಳತೆ ಹಿಡಿಯದೆ ಬೋಲ್ಟ್ ಬಿಗಿದು ಕಳಿಸಿದರೆ ಅದು ಬರೀ ಅಲಂಕಾರ.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಸೀಳಲು ಎಂಜಿನ್ ಕೊಡಬೇಕಾದ ಶಕ್ತಿ ವೇಗದ ಘನದಷ್ಟು. ಮುಂಭಾಗ 9 ಚದರ ಮೀಟರ್, ಡ್ರ್ಯಾಗ್ ಗುಣಾಂಕ (ಗಾಡಿಯ ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 0.8 ಎಂದಿಟ್ಟುಕೊಂಡರೆ, 60 ಕಿ.ಮೀ. ವೇಗದಲ್ಲಿ ಗಾಳಿಯೊಂದಕ್ಕೇ ಸುಮಾರು 18ರಿಂದ 20 ಕಿಲೋವ್ಯಾಟ್ ಹೋಗುತ್ತದೆ. 80ಕ್ಕೆ ಏರಿಸಿದರೆ 43ರಿಂದ 47. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಅಲ್ಲಿಂದ ದಾವಣಗೆರೆ ಕಡೆ ಬರುವ ಗಾಡಿಗೆ ಅದು ಎಡಮುಂದಿನಿಂದ ಬಡಿಯುತ್ತದೆ. 20 ಕಿ.ಮೀ. ಎದುರುಗಾಳಿ ಸಿಕ್ಕಿದರೆ, ಮೀಟರ್ 60 ತೋರಿಸಿದರೂ ತಡೆ 80ರದ್ದೇ.

ಫೈಬರ್ ತುಂಡಿನ ಬಗ್ಗೆ ದೂರಿಲ್ಲ. ಒಳಬದಿಯಲ್ಲಿ ಅಡ್ಡಪಟ್ಟಿ ಇದೆಯೇ ಎಂದು ನೋಡಿಕೊಂಡರೆ ಸಾಕು. ಸೋಲುವುದು ಅದನ್ನು ಛಾವಣಿಗೆ ಹಿಡಿದಿಡುವ ಬ್ರಾಕೆಟ್. ಛಾವಣಿಯ ತೆಳು ತಗಡಿಗೆ ನೇರವಾಗಿ ವೆಲ್ಡ್ ಮಾಡಿಸಿದರೆ ಅಲುಗಾಟಕ್ಕೆ ತಗಡು ಸೀಳಿ ಮಳೆನೀರು ಒಳಗಿಳಿಯುತ್ತದೆ. ಒಳಗಿನಿಂದ ಪ್ಲೇಟ್ ಕೊಟ್ಟು, ರಬ್ಬರ್ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿರುವ ನಟ್) ಹಾಕಿಸಿ, ತೂತಿನ ಸುತ್ತ ಸಿಲಿಕಾನ್ ಹಚ್ಚಿಸಿ. ಕೆಲವು ದಿನ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಲೇಬೇಕು.

ಎಲ್ಲಕ್ಕಿಂತ ಮುಖ್ಯ ಕೋನ. ಡಿಫ್ಲೆಕ್ಟರ್‌ನ ಮೇಲಿನ ಇಳಿಜಾರಿನ ಗುಂಟ ದಾರ ಹಿಡಿದು ಹಿಂದಕ್ಕೆ ಎಳೆದರೆ ಅದು ಕಂಟೇನರ್‌ನ ಮುಂದಿನ ಮೇಲಂಚಿಗೆ ಹೋಗಿ ತಾಕಬೇಕು. ತಗ್ಗಾದರೆ ಗಾಳಿ ಕಂಟೇನರ್ ಗೋಡೆಗೇ ಗುದ್ದುತ್ತದೆ. ಎತ್ತರವಾದರೆ ಗಾಡಿಯ ಮುಂಭಾಗವೇ ದೊಡ್ಡದಾಗಿ ತಡೆ ಹೆಚ್ಚುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ರಾತ್ರಿ ಓಡಿ ಬಂದ ಗಾಡಿಯ ಕಂಟೇನರ್ ಗೋಡೆ ನೋಡಿ: ಮೇಲಿನ ಭಾಗದಲ್ಲಿ ಹುಳು ಜಜ್ಜಿದ ಕಲೆ ಪಟ್ಟಿಯಂತೆ ಅಂಟಿದ್ದರೆ ಡಿಫ್ಲೆಕ್ಟರ್ ತಗ್ಗಾಗಿದೆ. ಕೋನ ಹೊಂದಿಸಲು ಉದ್ದ ತೂತಿನ ಬ್ರಾಕೆಟ್ ಕೇಳಿ ಪಡೆಯಿರಿ. ಒಂದೇ ಅಳತೆಗೆ ಬಿಗಿದದ್ದು ಬೇಡ.

ಇನ್ನು ಕ್ಯಾಬಿನ್ ಮತ್ತು ಕಂಟೇನರ್ ನಡುವಿನ ಸಂದು. ಪಕ್ಕದಿಂದ ಬೀಸುವ ಗಾಳಿ ಅಲ್ಲಿ ನುಗ್ಗಿ ಸುಳಿಯಾಗುತ್ತದೆ, ಮೇಲೆ ಎಷ್ಟೇ ಒಳ್ಳೆಯ ಡಿಫ್ಲೆಕ್ಟರ್ ಇದ್ದರೂ ಒಂದಷ್ಟು ಲಾಭ ಅಲ್ಲೇ ಸೋರುತ್ತದೆ. ಗುಡ್ಡದ ಗಾಳಿಗೆ ಸಿಕ್ಕುವ ಈ ದಾರಿಯಲ್ಲಿ ಕ್ಯಾಬಿನ್‌ನ ಹಿಂದಿನ ಎರಡೂ ಅಂಚಿಗೆ ಪಕ್ಕದ ಪ್ಯಾನೆಲ್ ಹಾಕಿಸುವುದು ಒಳ್ಳೆಯದು. ಕ್ಯಾಬಿನ್ ಅಲುಗಾಡುವುದರಿಂದ ಪ್ಯಾನೆಲ್ ಕಂಟೇನರ್‌ಗೆ ಉಜ್ಜದಂತೆ ಜಾಗ ಬಿಡಿಸಿ.

ಎಪಿಎಂಸಿಗೆ ಮೆಕ್ಕೆಜೋಳ ಹೊರುವ ಓಪನ್ ಲಾರಿಯವರು ಇದಕ್ಕೆ ದುಡ್ಡು ಹಾಕಬೇಡಿ. ಲೋಡು ಕ್ಯಾಬಿನ್ ಮಟ್ಟಕ್ಕಿಂತ ಮೇಲೇಳದಿದ್ದರೆ ಡಿಫ್ಲೆಕ್ಟರ್‌ಗೆ ಕೆಲಸವೇ ಇಲ್ಲ, ಖಾಲಿ ವಾಪಸಾಗುವಾಗ ಅದೇ ಗಾಳಿಗೆ ಅಡ್ಡ. ಆ ಗಾಡಿಗಳಿಗೆ ಪಟಪಟ ಬಡಿಯದಂತೆ ಹಗ್ಗ ಎಳೆದು ಕಟ್ಟಿದ ಟಾರ್ಪಾಲಿನ್ ಮತ್ತು 60ರ ವೇಗವೇ ಡೀಸೆಲ್ ಉಳಿಸುತ್ತವೆ.