ಎಂ1 ಗ್ಯಾರಂಡ್ ರೈಫಲ್: ಗುರಿ ಪಕ್ಕಾ, ಹೆಬ್ಬೆರಳು ಹುಷಾರು

ಅಮೆರಿಕದ ಶೂಟಿಂಗ್ ರೇಂಜಲ್ಲಿ ಈ ರೈಫಲ್ ಕೈಗೆ ತಗೊಂಡ್ರೆ ಸಾಕು, ಪಕ್ಕದಲ್ಲಿ ಯಾರಾದ್ರೂ ಒಬ್ರು "ಗ್ಯಾರಂಡ್ ಥಂಬ್ ಆದೀತು, ನೋಡ್ಕೊಳ್ಳಿ" ಅಂತಾರೆ. ಬೋಲ್ಟ್ (ಗುಂಡನ್ನ ನಳಿಗೆಯೊಳಗೆ ತಳ್ಳಿ ಮುಚ್ಚೋ ಲೋಹದ ಭಾಗ) ಮುಂದಕ್ಕೆ ಬಡಿದು ಹೆಬ್ಬೆರಳು ಜಜ್ಜಿಹೋಗೋದಕ್ಕೆ ಅಲ್ಲಿನ ಹೆಸರು ಅದು, ಎಂ1 ಥಂಬ್ ಅಂತಲೂ ಕರೀತಾರೆ. ಉಗುರು ಕಪ್ಪಾದೋರು ಮೆಡಲ್ ಸಿಕ್ಕಿದ ಥರ ತೋರಿಸ್ಕೊಂಡು ಓಡಾಡ್ತಾರೆ, ಅದೇನು ಖುಷಿಯೋ!

ಆದ್ರೆ ತುಂಬಾ ಜನ ತಿಳ್ಕೊಂಡಿರೋ ಹಾಗೆ ಗುಂಡು ತುಂಬೋವಾಗಲೇ ಜಾಸ್ತಿ ಅಪಾಯ ಅಂತೇನಿಲ್ಲ. 8 ಗುಂಡನ್ನ ಒಟ್ಟಿಗೆ ಹಿಡಿದಿಡೋ ಲೋಹದ ಕ್ಲಿಪ್ಪನ್ನ ಒಳಗೆ ಒತ್ತಿದಾಗ ಸಾಮಾನ್ಯವಾಗಿ ಹೆಬ್ಬೆರಳಿನ ಒತ್ತಡ ಇರೋವರೆಗೂ ಬೋಲ್ಟ್ ಕದಲಲ್ಲ, ಬೆರಳು ಚಕ್ಕಂತ ಮೇಲಕ್ಕೆ ಎತ್ತಿದ್ರೆ ಆಯ್ತು. ಕಷ್ಟ ಇರೋದು ಖಾಲಿ ರೈಫಲ್ ಕ್ಲೀನ್ ಮಾಡೋವಾಗ: ಒಳಗೆ ಗುಂಡುಗಳನ್ನ ಮೇಲಕ್ಕೆ ತಳ್ಳೋ ಫಾಲೋವರ್ ಪ್ಲೇಟನ್ನ ಬೆರಳಲ್ಲಿ ಅದುಮಿದ್ರೆ ಬೋಲ್ಟ್ ತಡೆಯೋಕೆ ಅಲ್ಲಿ ಏನೂ ಇರಲ್ಲ, ಫಟ್ ಅಂತ ಬಂದು ಬಡಿಯುತ್ತೆ. ಬಲಗೈ ಅಂಗೈ ಅಂಚನ್ನ, ಬೋಲ್ಟನ್ನ ಹಿಂದೆ ಮುಂದೆ ಆಡಿಸೋ ಆಪರೇಟಿಂಗ್ ರಾಡ್ ಹ್ಯಾಂಡಲ್‌ಗೆ ಆನಿಸಿ ಹಿಂದಕ್ಕೆ ಒತ್ತಿ ಹಿಡ್ಕೊಳ್ಳೋದು ಅಭ್ಯಾಸ ಆದ್ರೆ ಈ ತಲೆನೋವೇ ಇಲ್ಲ.

ಇನ್ನು ರೈಫಲ್ ವಿಷ್ಯ. ಜಾನ್ ಗ್ಯಾರಂಡ್ ಡಿಸೈನು, ಅಮೆರಿಕದ ಸೈನ್ಯ 1936ರಲ್ಲೇ ಒಪ್ಕೊಂಡಿದ್ದು, ಇವತ್ತಿಗೂ ಇದರ ಸೈಟ್ಸ್ (ಗುರಿ ಹಿಡಿಯೋ ಭಾಗ) ನೋಡಿದ್ರೆ ಮನಸ್ಸು ತುಂಬುತ್ತೆ, ಹಿಂದಿನ ಸಣ್ಣ ತೂತಲ್ಲಿ ಕಣ್ಣಿಟ್ರೆ ಗುರಿ ತಾನಾಗೇ ಕೂರುತ್ತೆ. ತೂಕ 4.3 ಕೆಜಿ ಹತ್ರ, ನಿಂತ್ಕೊಂಡು ಹೊಡೆದ್ರೆ ತೋಳು ಬಿದ್ದೋಗುತ್ತೆ, ಆದ್ರೆ ಅದೇ ಭಾರ ಹೆಗಲಿಗೆ ಬೀಳೋ ಒದೆತಾನೂ ತಗ್ಗಿಸುತ್ತೆ. ಸೇಫ್ಟಿ (ಗುಂಡು ಹಾರದಂತೆ ತಡೆಯೋ ಲಾಕ್) ಟ್ರಿಗರ್ ಸುತ್ತ ಇರೋ ಗಾರ್ಡ್ ಮುಂದೇನೇ ಇದೆ, ಹೊಸಬರಿಗೆ ಅಲ್ಲಿಗೆ ಬೆರಳು ಹಾಕೋದು ಒಂಥರಾ ಅನ್ಸುತ್ತೆ.

ಕೊನೇ ಗುಂಡು ಹಾರಿದ ಮೇಲೆ ಖಾಲಿ ಕ್ಲಿಪ್ "ಪಿಂಗ್" ಅಂತ ಹೊರಗೆ ಚಿಮ್ಮುತ್ತೆ, ಆ ಸದ್ದು ಕೇಳಿ ಶತ್ರುಗಳು ನುಗ್ಗಿ ಬರ್ತಿದ್ರು ಅಂತ ಕಥೆ ಹೇಳ್ತಾರೆ, ಯುದ್ಧದ ಗದ್ದಲದಲ್ಲಿ ಅದು ಯಾರಿಗೆ ಕೇಳುತ್ತೆ ಹೇಳಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಟ್ ಮಾಡಿದ್ದು ಆ ಕ್ಲಿಪ್‌ಗೇನೇ, ಮೂರ್ನಾಲ್ಕು ಗುಂಡು ಹೊಡೆದ ಮೇಲೆ ಮಧ್ಯದಲ್ಲಿ ಮತ್ತೆ ಭರ್ತಿ ಮಾಡೋದು ದೊಡ್ಡ ಸರ್ಕಸ್ಸು. ತಗೊಳ್ಳೋರು ಗ್ಯಾರಂಡ್‌ಗೇ ಅಂತ ತಯಾರಾಗೋ ಗುಂಡನ್ನೇ ಹಾಕಿ, ಈಗಿನ ಕೆಲವು ಜೋರು ಗುಂಡುಗಳಿಗೆ ಆಪರೇಟಿಂಗ್ ರಾಡ್ ಬಾಗೋ ಚಾನ್ಸ್ ಇದೆ.