ಮಣ್ಣಿಗೆ ಚುಚ್ಚೋ ಥರ್ಮಾಮೀಟರ್: ಅಲಾಟ್‌ಮೆಂಟ್‌ನಲ್ಲಿ ಹೊಸದಾಗಿ ತರಕಾರಿ ಬೆಳೆಯೋರಿಗೆ ನಾನು ಮೊದ್ಲು ಹೇಳೋದು ಇದನ್ನೇ

ಬ್ರಿಟನ್‌ನಲ್ಲಿ ಕೌನ್ಸಿಲ್‌ನೋರು (ಅಂದ್ರೆ ಸ್ಥಳೀಯ ಆಡಳಿತದೋರು) ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ಅಲಾಟ್‌ಮೆಂಟ್ ಜಾಗ ಸಿಗೋದೇ ಕಷ್ಟ, ವೇಟಿಂಗ್ ಲಿಸ್ಟ್‌ನಲ್ಲಿ ವರ್ಷಗಟ್ಲೆ ಕಾದಿರ್ತಾರೆ. ಹಾಗಾಗಿ ಬೀಗದ ಕೈ ಸಿಕ್ಕಿದ ಮೊದಲ ಮಾರ್ಚ್‌ನಲ್ಲೇ ಎಲ್ಲಾ ಬೀಜನೂ ಬಿತ್ತಿಬಿಡೋಣ ಅನ್ಸತ್ತೆ, ಆ ಆತುರ ನಂಗೆ ಚೆನ್ನಾಗಿ ಅರ್ಥ ಆಗತ್ತೆ. ಆದ್ರೆ ಪ್ಯಾಕೆಟ್ ಹಿಂದೆ ಇರೋ ತಿಂಗಳು ಇಡೀ ದೇಶಕ್ಕೆ ಸೇರಿಸಿ ಬರ್ದಿರೋದು, ದಕ್ಷಿಣದ ತುದಿಲಿರೋ ಕಾರ್ನ್‌ವಾಲ್‌ನ ಮಾರ್ಚೇ ಬೇರೆ ಉತ್ತರದ ಅಬರ್ಡೀನ್‌ನ ಮಾರ್ಚೇ ಬೇರೆ, ಬೀಜಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಮಣ್ಣಿನ ಬಿಸಿ ಒಂದೇ. ತಣ್ಣಗೆ ಒದ್ದೆಯಾಗಿರೋ ಮಣ್ಣಲ್ಲಿ ಬಿದ್ದ ಬೀಜ ಸುಮ್ನೆ ಕೂತು ಕೊನೆಗೆ ಕೊಳೆತು ಹೋಗತ್ತೆ.

ನಾನು ಬಳಸ್ತಿರೋದು ಸಾದಾ ಮಾಡೆಲ್ಲು, ಸ್ಟೀಲ್ ಕಡ್ಡಿ, ತಲೆ ಮೇಲೆ ದುಂಡಗಿನ ಡಯಲ್, ಬ್ಯಾಟರಿ ಗೀಟರಿ ಏನೂ ಬೇಡ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಮುಳ್ಳು ನಿಲ್ಲೋವರೆಗೂ ಕೆಲವು ನಿಮಿಷ ಬಿಟ್ಟು ಓದಬೇಕು. ಮಧ್ಯಾಹ್ನ ಬಿಸಿಲಿಗೆ ಮೇಲ್ಮಣ್ಣು ಬೇಗ ಕಾಯತ್ತೆ, ಆಗ ನೋಡಿ ಖುಷಿ ಪಟ್ರೆ ಉಪಯೋಗ ಇಲ್ಲ, ರಾತ್ರಿ ಮತ್ತೆ ಇಳಿದಿರತ್ತೆ. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇದ್ರೆ ಬಟಾಣಿ, ಬ್ರಾಡ್ ಬೀನ್ಸ್, ಕ್ಯಾರೆಟ್, ಬೀಟ್‌ರೂಟ್ ಧೈರ್ಯವಾಗಿ ಬಿತ್ತಬಹುದು, ಬೇಗ ಬರೋ ಆಲೂಗಡ್ಡೆನೂ ಹೆಚ್ಚುಕಮ್ಮಿ ಅಷ್ಟಕ್ಕೇ ಇಡಬಹುದು. ಪಾರ್ಸ್ನಿಪ್‌ಗೆ (ಬಿಳಿ ಕ್ಯಾರೆಟ್ ಥರದ ಗೆಡ್ಡೆ) 10 ದಾಟೋವರೆಗೂ ಕಾಯೋದು ವಾಸಿ, ಅದು ಮೊದಲೇ ನಿಧಾನ, ಮೊಳಕೆ ಕಾಣೋಕೆ ಮೂರ್ನಾಲ್ಕು ವಾರ ತಗೊಳ್ಳತ್ತೆ. ಫ್ರೆಂಚ್ ಬೀನ್ಸ್, ರನ್ನರ್ ಬೀನ್ಸ್‌ಗೆ 12 ಬೇಕೇ ಬೇಕು, ಅಂದ್ರೆ ಅದು ಮೇ ತಿಂಗಳ ಮಾತು.

ಇದ್ರಿಂದ ನಂಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ ಒಂದೇ ಪ್ಲಾಟ್‌ನಲ್ಲಿ ಎಲ್ಲಾ ಕಡೆ ಒಂದೇ ಬಿಸಿ ಇರಲ್ಲ ಅನ್ನೋದು ಕಣ್ಣಿಗೆ ಕಾಣತ್ತೆ. ಬೇಲಿ ನೆರಳಲ್ಲಿರೋ ಜೇಡಿಮಣ್ಣು ನೀರು ಹಿಡ್ಕೊಂಡಿರೋದ್ರಿಂದ ನಿಧಾನಕ್ಕೆ ಕಾಯತ್ತೆ, ನೀರು ಬಿಸಿಯಾಗೋಕೆ ಜಾಸ್ತಿ ಶಾಖ ಬೇಕಲ್ವಾ. ಎತ್ತರಿಸಿದ ಪಾತಿಲಿ ನೀರು ಬಸಿದು ಹೋಗೋದಕ್ಕೆ ಬೇಗ ಕಾಯತ್ತೆ. ಮಣ್ಣು ಬೇಗ ಕಾಯ್ಲಿ ಅಂತ ಬಿತ್ತೋಕೆ ಎರಡು ವಾರ ಮುಂಚೆ ಒಂದು ಪಾತಿಗೆ ಕರಿ ಪ್ಲಾಸ್ಟಿಕ್ ಹಾಸಿಟ್ಟು, ಹಾಸಿರೋ ಪಾತಿಲೂ ಹಾಸದೇ ಇರೋ ಪಾತಿಲೂ ಚುಚ್ಚಿ ನೋಡಿ, ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಗತ್ತೆ. ಯಾರನ್ನೂ ಕೇಳೋ ಅಗತ್ಯ ಇಲ್ಲ (ಪಕ್ಕದ ಪ್ಲಾಟ್‌ನ ಹಿರಿಯರ ಹತ್ರ ಕೇಳಿದ್ರೆ ಇನ್ನೂ ಒಳ್ಳೇದೇ, ಅವ್ರಿಗೆ ಆ ಜಾಗದ ಮಣ್ಣು ಗೊತ್ತಿರತ್ತೆ).

ಕೊರತೆನೂ ಇದೆ. ಡಯಲ್ ಒಳಗೆ ತೇವ ಸೇರಿ ಗ್ಲಾಸ್ ಮಂಜಾಗತ್ತೆ, ಅಂಕಿಗಳು ತೀರಾ ಚಿಕ್ಕವು. ಕಲ್ಲು ಮಣ್ಣಿಗೆ ಜೋರಾಗಿ ಒತ್ತಿದ್ರೆ ಕಡ್ಡಿ ಬಗ್ಗತ್ತೆ, ಮೊದ್ಲು ಗಟ್ಟಿ ಕೋಲಲ್ಲಿ ತೂತು ಮಾಡ್ಕೊಂಡ್ರೆ ತೊಂದ್ರೆ ಇಲ್ಲ. ಗಾಜಿನ ಮಾಡೆಲ್ ಅಂತೂ ಬೇಡ. ತಂದ ತಕ್ಷಣ ಐಸ್ ತುಂಬಿದ ನೀರಲ್ಲಿ ಇಟ್ಟು ನೋಡಿ, 0 ತೋರಿಸ್ಬೇಕು, ಎರಡು ಡಿಗ್ರಿ ವ್ಯತ್ಯಾಸ ಇದ್ರೆ ವಾಪಸ್ ಕೊಡಿ, ಯಾಕಂದ್ರೆ 5ಕ್ಕೂ 7ಕ್ಕೂ ಇರೋ ಫರಕಿಗೋಸ್ಕರನೇ ಇದನ್ನ ತಗೊಳ್ಳೋದು. ಅಡುಗೆಮನೆಲಿ ಡಿಜಿಟಲ್ ಪ್ರೋಬ್ ಥರ್ಮಾಮೀಟರ್ ಇದ್ರೆ ಅದೂ ನಡೆಯತ್ತೆ, ಹೊಸದು ಬೇಕಾಗಿಲ್ಲ.

ಇದು ಹೇಳೋದು ಮಣ್ಣಿನ ವಿಷಯ ಮಾತ್ರ, ಗಾಳಿದಲ್ಲ. ಮಣ್ಣು ಬೆಚ್ಚಗಾದ ಮೇಲೂ ಬಹಳ ಕಡೆ ಮೇ ಮಧ್ಯದವರೆಗೂ ರಾತ್ರಿ ಫ್ರಾಸ್ಟ್ (ಹೆಪ್ಪುಗಟ್ಟೋ ಇಬ್ಬನಿ) ಬೀಳಬಹುದು, ಮೇಲೆ ಬಂದ ಆಲೂಗಡ್ಡೆ ಚಿಗುರು ಒಂದೇ ರಾತ್ರಿಗೆ ಕಪ್ಪಾಗತ್ತೆ. ಅದಕ್ಕೆ ಚಿಗುರಿನ ಮೇಲೆ ಮಣ್ಣು ಏರಿಸಿ, ಇಲ್ಲಾಂದ್ರೆ ಗಾರ್ಡನ್ ಫ್ಲೀಸ್ (ಗಿಡಕ್ಕೆ ಹೊದಿಸೋ ಹಗುರವಾದ ಬಟ್ಟೆ) ಹೊದಿಸಿ, ಅಂಚಿಗೆ ಕಲ್ಲಿಡೋದು ಮರೀಬೇಡಿ, ಇಲ್ಲಿನ ಗಾಳಿಗೆ ಅದು ಹಾರ್ಕೊಂಡು ಹೋಗತ್ತೆ.