ವರ್ತುಲ ರಸ್ತೆಯಾಚೆಯ ಮನೆ: ಮೈಸೂರಿನ ಒಂದು ಹೊರಬಡಾವಣೆಯ ವಿಮರ್ಶೆ

ಮೈಸೂರಿನಲ್ಲಿ ಮನೆ ಕೊಂಡವರನ್ನು ನೆಂಟರಿಷ್ಟರು ಮೊದಲು ಕೇಳುವುದು ಮನೆ ಎಷ್ಟು ಚದರ, ಬಾಗಿಲು ಯಾವ ದಿಕ್ಕಿಗಿದೆ, ಕಾರು ಒಳಗೆ ನಿಲ್ಲುತ್ತದೆಯೇ ಎಂದು. ನಗರದ ಪಶ್ಚಿಮಕ್ಕೆ, ಹೊರವರ್ತುಲ ರಸ್ತೆಯನ್ನು ದಾಟಿದ ಮೇಲೆ ಸಿಗುವ ಖಾಸಗಿ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನದ ಮೇಲೆ ಕಟ್ಟಿದ್ದ ಸಿದ್ಧ ಮನೆಯನ್ನು ಕೊಂಡು, ಕೆಲವು ಬೇಸಿಗೆ ಮತ್ತು ಕೆಲವು ಮಳೆಗಾಲಗಳನ್ನು ಅಲ್ಲಿ ಕಳೆದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಆ ಪ್ರಶ್ನೆಗಳಿಗೆ ಸಿಗುವ ಜಾಗ ಕಡಿಮೆ. ಮನೆಯ ಕುಂದುಗಳನ್ನು ಹಣ ಮತ್ತು ಒಬ್ಬ ಒಳ್ಳೆಯ ಮೇಸ್ತ್ರಿ ಸೇರಿ ಸರಿಪಡಿಸಬಹುದು. ಕಾಂಪೌಂಡಿನ ಆಚೆಗಿರುವ ರಸ್ತೆ, ನೀರು, ಬೀದಿದೀಪ, ಚರಂಡಿಗಳನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದು ಮಾತ್ರ ಕೊಂಡವರ ಕೈಯಲ್ಲಿರುವುದಿಲ್ಲ. ನಮ್ಮ ಬಡಾವಣೆಯ ಸುಖದುಃಖಗಳೆಲ್ಲ ಈ ಒಂದು ವಿಷಯದಿಂದಲೇ ಹುಟ್ಟಿವೆ.

ಮನೆಯ ಮಾತನ್ನು ಬೇಗ ಮುಗಿಸುತ್ತೇನೆ. ಗಾಳಿ ಬೆಳಕು ಚೆನ್ನಾಗಿವೆ, ಅಡುಗೆಮನೆ ಪೂರ್ವಕ್ಕಿದೆ, ಸಂಪು ದೊಡ್ಡದಿದೆ. ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿರುವ ಹಿರಿಯರು ಮೇಲಿನ ಕೋಣೆಗಳನ್ನು ಬಳಸಲಾರರು. ಪಶ್ಚಿಮದ ಗೋಡೆಗೆ ಮೊದಲ ಮಳೆಗಾಲದಲ್ಲೇ ತೇವ ಬಂತು. ತಾರಸಿಯ ಇಳಿಜಾರನ್ನು ತಿದ್ದಿಸಿದ ಮೇಲೆ ನಿಂತಿತು. ಇಲ್ಲಿ ಕೊಳ್ಳುವವರು ತಿಳಿದಿರಬೇಕಾದ ಕಾನೂನಿನ ಸಂಗತಿಯೊಂದಿದೆ. ಮಾರುವವರು ತೋರಿಸುವ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಬಡಾವಣೆಯದು, ಮನೆಯದಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ನಿವೇಶನದ ವಿಸ್ತೀರ್ಣ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳ ಸಂಖ್ಯೆ ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಮೂವತ್ತು–ನಲವತ್ತರ ನಿವೇಶನವೆಂದರೆ ಸುಮಾರು 111 ಚದರ ಮೀಟರ್ ಮಾತ್ರ. ಆದ್ದರಿಂದ ಕಟ್ಟಡದ ದೋಷಗಳನ್ನು ಐದು ವರ್ಷಗಳವರೆಗೆ ಉಚಿತವಾಗಿ ಸರಿಪಡಿಸಿಕೊಡಬೇಕೆಂಬ ಆ ಕಾಯ್ದೆಯ ಭರವಸೆಯನ್ನು ನೆಚ್ಚಿಕೊಂಡು ಬಿಡಿ ಮನೆಯನ್ನು ಕೊಳ್ಳುವುದು ಸರಿಯಲ್ಲ. ತೇವ, ಬಿರುಕು, ಸೋರಿಕೆಗಳ ಹೊಣೆಯನ್ನು ಕ್ರಯದ ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಹಣದ ಲೆಕ್ಕದಲ್ಲಿಯೂ ಮನೆಯ ಬೆಲೆಯಷ್ಟೇ ಗಮನ ಉಳಿದ ಖರ್ಚುಗಳಿಗೂ ಬೇಕು. ಕರ್ನಾಟಕದಲ್ಲಿ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಒಟ್ಟು ಶೇ. 7.6ರ ಆಸುಪಾಸಿಗೆ ಬರುತ್ತದೆ. 80 ಲಕ್ಷದ ಕ್ರಯಪತ್ರಕ್ಕೆ ಇದು 6 ಲಕ್ಷವನ್ನು ದಾಟುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲ ಮನೆಯ ಮೌಲ್ಯದ ಶೇ. 75ನ್ನು ಮೀರುವಂತಿಲ್ಲ, ಈ ಶುಲ್ಕಗಳು ಆ ಮೌಲ್ಯದಲ್ಲಿ ಸೇರುವುದೂ ಇಲ್ಲ. ಕ್ರಯದ ಮೊತ್ತ 50 ಲಕ್ಷ ಮುಟ್ಟಿದರೆ ಶೇ. 1ರಷ್ಟು ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದೇ. ಮೂಲಪತ್ರ, ಪಹಣಿ, ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ, ಇ-ಖಾತೆ ಇವುಗಳನ್ನು ಮಾರಾಟಗಾರರು ಸೂಚಿಸಿದ ವಕೀಲರಿಗಲ್ಲದೆ ನಮ್ಮವರೇ ಆದ ವಕೀಲರಿಗೆ ತೋರಿಸಿದೆವು. ಆ ಸಂಭಾವನೆ ಸಾರ್ಥಕವಾಯಿತು. ಊರಿಗೆ ತಾಗಿದ ಪಂಚಾಯಿತಿ ವ್ಯಾಪ್ತಿಯಲ್ಲಿ ಕೊಳ್ಳುವವರು ಪಂಚಾಯಿತಿ ಆಸ್ತಿಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನ ದಾಖಲೆಯಲ್ಲಿ ನಮೂನೆ 11-ಎ ಇದೆಯೋ 11-ಬಿ ಇದೆಯೋ ಎಂಬುದನ್ನು ತಾವೇ ಕಣ್ಣಾರೆ ನೋಡುವುದು ಒಳ್ಳೆಯದು. ಎರಡನೆಯದಿದ್ದರೆ ಅದು ಅಧಿಕೃತ ಬಡಾವಣೆಯ ಸ್ವತ್ತಲ್ಲ, ಮಾರುವವರು ಎಷ್ಟೇ ನಯವಾಗಿ ವಿವರಿಸಿದರೂ ಅಲ್ಲ.

ಇನ್ನು ಬಡಾವಣೆಯ ವಿಚಾರ. ಯೋಜಿತವಾಗಿ ಊರನ್ನು ಬೆಳೆಸುವುದು ಮೈಸೂರಿಗೆ ಹೊಸತಲ್ಲ. 1903ರಲ್ಲೇ ಇಲ್ಲಿ ನಗರ ಸುಧಾರಣಾ ಮಂಡಳಿ ರಚನೆಯಾಗಿತ್ತು, ಮುಡಾ ಎಂದೇ ಜನರ ಬಾಯಲ್ಲಿ ಉಳಿದಿರುವ ನಗರಾಭಿವೃದ್ಧಿ ಪ್ರಾಧಿಕಾರ 1988ರಲ್ಲಿ ಅದರ ಸ್ಥಾನಕ್ಕೆ ಬಂತು. ಮಂಡಳಿಯೋ ಪ್ರಾಧಿಕಾರವೋ ತಾನೇ ಮಾಡಿದ ಬಡಾವಣೆಗಳಲ್ಲಿ ಹೊಣೆ ಯಾರದೆಂಬ ಗೊಂದಲ ಅಷ್ಟಾಗಿ ಇರಲಿಲ್ಲ. ಖಾಸಗಿ ಬಡಾವಣೆಯ ದಾರಿ ಬೇರೆ. ಜಮೀನನ್ನು ಪರಿವರ್ತನೆ ಮಾಡಿಸಿ ನಕ್ಷೆಗೆ ಅನುಮೋದನೆ ಪಡೆದವರು ರಸ್ತೆ, ಚರಂಡಿ, ನೀರಿನ ಕೊಳವೆ, ವಿದ್ಯುತ್ ಕಂಬ, ಉದ್ಯಾನಗಳನ್ನು ಸಿದ್ಧಪಡಿಸಬೇಕು; ಕೆಲಸ ಮುಂದುವರಿದಂತೆ ಪ್ರಾಧಿಕಾರ ನಿವೇಶನಗಳನ್ನು ಕಂತುಕಂತಾಗಿ ಬಿಡುಗಡೆ ಮಾಡುತ್ತದೆ; ಎಲ್ಲ ಮುಗಿದ ಮೇಲೆ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಬೇಕು. ಕೊನೆಯ ನಿವೇಶನ ಮಾರಾಟವಾದ ದಿನಕ್ಕೂ ಹಸ್ತಾಂತರದ ದಿನಕ್ಕೂ ನಡುವಿನ ಕಾಲವೇ ಕಷ್ಟಕಾಲ. ಮಾರಿದವರಿಗೆ ಅಲ್ಲಿ ಇನ್ನು ಲಾಭವಿಲ್ಲ, ಸ್ಥಳೀಯ ಸಂಸ್ಥೆ ಇನ್ನೂ ವಹಿಸಿಕೊಂಡಿಲ್ಲ. ನಾವು ಮನೆ ಕೊಂಡದ್ದು ಈ ನಡುಗಾಲದಲ್ಲಿ. ಬೀದಿದೀಪ ಕೆಟ್ಟರೆ ದೂರು ಕೊಡಬೇಕಾದ ಕಚೇರಿ ಯಾವುದೆಂದೇ ಯಾರಿಗೂ ತಿಳಿದಿರಲಿಲ್ಲ. ಹೋದ ಕಡೆಯಲ್ಲೆಲ್ಲ ಇನ್ನೊಂದು ಕಚೇರಿಯ ಹೆಸರು ಹೇಳಿ ಕಳುಹಿಸುತ್ತಿದ್ದರು.

ನೀರಿನ ವಿಷಯದಲ್ಲಿ ಇದರ ಬಿಸಿ ಹೆಚ್ಚು ತಟ್ಟಿತು. ಮೈಸೂರು ನಗರ ಕುಡಿಯುವುದು ಕಾವೇರಿ ಮತ್ತು ಕಬಿನಿಯ ನೀರನ್ನು. ಆ ಕೊಳವೆಜಾಲ ಹೊರಬಡಾವಣೆಗಳಿಗೆಲ್ಲ ಇನ್ನೂ ತಲುಪಿಲ್ಲ, ಹೊರವಲಯಕ್ಕಾಗಿಯೇ ಹಳೇ ಉಂಡುವಾಡಿಯ ಬಳಿ ಕೈಗೆತ್ತಿಕೊಂಡ ಯೋಜನೆಯತ್ತ ಈ ಭಾಗದ ಜನ ಬಹಳ ಕಾಲದಿಂದ ನೋಡುತ್ತಿದ್ದಾರೆ. ಅಲ್ಲಿಯವರೆಗೆ ಬಡಾವಣೆಯ ಕೊಳವೆಬಾವಿಗಳೇ ಗತಿ. ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ, ಗೀಸರಿನ ಕಾಯಿಲ್ ಬೇಗ ಹಾಳಾಗುತ್ತದೆ, ಬೇಳೆ ಬೇಯುವುದು ತಡವಾಗುತ್ತದೆ. ಸರದಿಯಂತೆ ವಾಲ್ವ್ ತಿರುಗಿಸುವ ನೀರುಗಂಟಿ ಪಕ್ಕದ ಊರಿನವರು. ಅವರು ಮನೆಯ ಮದುವೆಗೆಂದು ರಜೆ ಹಾಕಿದ ವಾರದಲ್ಲಿ, ಬಡಾವಣೆಯಲ್ಲಿರುವ ಅಷ್ಟೂ ಮಂದಿ ಎಂಜಿನಿಯರುಗಳು ಸೇರಿದರೂ ಯಾವ ವಾಲ್ವ್ ಯಾವ ಬೀದಿಗೆ ಎಂಬುದನ್ನು ಪತ್ತೆಹಚ್ಚಲಾಗಲಿಲ್ಲ. ಆಮೇಲೆ ಅವರನ್ನೇ ಜೊತೆಗಿಟ್ಟುಕೊಂಡು ಒಂದು ನಕ್ಷೆ ಬರೆಸಿ ಸಂಘದ ಕೊಠಡಿಯಲ್ಲಿ ತೂಗುಹಾಕಲಾಯಿತು.

ಮಳೆನೀರಿನ ಸಂಗ್ರಹವನ್ನು ಇಲ್ಲಿ ಮನೆ ಕೊಳ್ಳುವ ಎಲ್ಲರಿಗೂ ನಾನು ಒತ್ತಾಯದಿಂದಲೇ ಹೇಳುತ್ತೇನೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುವ ಈ ಊರಿನಲ್ಲಿ 1,000 ಚದರಡಿಯ ತಾರಸಿಯ ಮೇಲೆ 70 ಸಾವಿರ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಶೋಧಕ ಇಟ್ಟು ಸಂಪಿಗೆ ತಿರುಗಿಸಿದರೆ ಆ ನೀರು ಮೆದು. ಸಂಪು ತುಂಬಿದ ಮೇಲೆ ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡಬಹುದು. ನಮ್ಮ ಬೀದಿಯಲ್ಲಿ ಮೊದಲು ಒಬ್ಬ ನಿವೃತ್ತ ಮೇಷ್ಟ್ರು ಮಾಡಿಸಿದರು, ಅವರ ಮನೆಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುವುದು ಕಡಿಮೆಯಾದದ್ದನ್ನು ನೋಡಿ ಉಳಿದವರು ಹಿಂದೆ ಬಿದ್ದರು.

ನೀರಿನ ಈ ತಾಪತ್ರಯದಿಂದಲೇ ನಮ್ಮ ನಿವಾಸಿಗಳ ಸಂಘಕ್ಕೆ ಜೀವ ಬಂದದ್ದು. ಮೊದಲಿಗೆ ಅದು ಗಣೇಶನನ್ನು ಕೂರಿಸುವುದಕ್ಕೂ ರಾಜ್ಯೋತ್ಸವದಂದು ಬಾವುಟ ಹಾರಿಸುವುದಕ್ಕೂ ಸೀಮಿತವಾಗಿತ್ತಂತೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಮೇಲೆ ಬ್ಯಾಂಕ್ ಖಾತೆ, ಲೆಕ್ಕಪತ್ರ, ವಾರ್ಷಿಕ ಮಹಾಸಭೆ ಎಲ್ಲವೂ ಬಂದವು. ತಿಂಗಳ ವಂತಿಗೆಯಿಂದ ಪಂಪಿನ ವಿದ್ಯುತ್ ಬಿಲ್ಲು, ನೀರುಗಂಟಿಯ ಮತ್ತು ಕಾವಲುಗಾರರ ಸಂಬಳ, ಉದ್ಯಾನದ ಆರೈಕೆ ನಡೆಯುತ್ತವೆ. ಖಜಾಂಚಿಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಎರಡು ರೂಪಾಯಿ ವ್ಯತ್ಯಾಸಕ್ಕೆ ಅರ್ಧ ಗಂಟೆ ಸಭೆ ನಿಲ್ಲಿಸಬಲ್ಲವರು. ಅದು ಬೇಸರದ ಸಂಗತಿಯೇ ಆದರೂ ಹಣದ ಬಗ್ಗೆ ಯಾರೂ ಬೆರಳು ತೋರಿಸದಿರುವುದಕ್ಕೆ ಅದೇ ಕಾರಣ. ವಂತಿಗೆ ಕೊಡದವರೂ ಇದ್ದಾರೆ. ಹೂಡಿಕೆಗೆಂದು ನಿವೇಶನ ಕೊಂಡು ಬೇಲಿಯನ್ನೂ ಹಾಕಿಸದೆ ಬೆಂಗಳೂರಿನಲ್ಲಿ ಕುಳಿತಿರುವ ಮಾಲೀಕರು ಇದರಲ್ಲಿ ಮೊದಲಿಗರು. ಅವರ ಖಾಲಿ ಜಾಗಗಳಲ್ಲಿ ಬೆಳೆಯುವ ಪಾರ್ಥೇನಿಯಂ ಮತ್ತು ಅಲ್ಲಿ ಕಾಣಿಸಿಕೊಳ್ಳುವ ಹಾವುಗಳ ಖರ್ಚು ಉಳಿದವರ ಪಾಲಿಗೆ.

ಸಂಘದ ಒಂದು ತೀರ್ಮಾನವನ್ನು ಮಾತ್ರ ನಾನು ಒಪ್ಪಿರಲಿಲ್ಲ, ಅದು ಗೇಟಿನದು. ಪ್ರವೇಶದಲ್ಲಿ ದೊಡ್ಡ ಕಮಾನಿದೆ, ಮಾರಾಟದ ಕರಪತ್ರದಲ್ಲಿ ಇದನ್ನು ಗೇಟೆಡ್ ಕಮ್ಯುನಿಟಿ ಎಂದೇ ಕರೆಯಲಾಗಿತ್ತು. ಆದರೆ ಅನುಮೋದಿತ ಬಡಾವಣೆಯ ರಸ್ತೆಗಳನ್ನೂ ಉದ್ಯಾನಗಳನ್ನೂ ಪ್ರಾಧಿಕಾರಕ್ಕೆ ಪರಿತ್ಯಾಜನೆ ಮಾಡಿಕೊಟ್ಟ, ಎಂದರೆ ಹಕ್ಕು ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕ ಆಸ್ತಿ. ಅಲ್ಲಿ ನಡೆಯುವವರನ್ನು ತಡೆಯುವ ಅಧಿಕಾರ ನಿವಾಸಿಗಳಿಗಿಲ್ಲ. ಪಕ್ಕದ ಊರಿನ ಹುಡುಗರು ಮೈದಾನಕ್ಕೆ ಬಂದು ಕ್ರಿಕೆಟ್ ಆಡುತ್ತಾರೆಂದು ಸಂಜೆ ಗೇಟು ಹಾಕಿಸಿದಾಗ ಊರಿನವರು ಬೇಸರಪಟ್ಟುಕೊಂಡರು, ಅದು ನ್ಯಾಯವಾದ ಬೇಸರ. ಅವರ ತಂದೆ ತಾತಂದಿರು ರಾಗಿ, ಹುರುಳಿ ಬೆಳೆದ ಹೊಲಗಳ ಮೇಲೆಯೇ ನಮ್ಮ ಮನೆಗಳು ನಿಂತಿರುವುದು. ಕೆಲವು ವಾರಗಳ ಮುನಿಸಿನ ನಂತರ ಊರಿನ ಯಜಮಾನರೂ ಸಂಘದ ಪದಾಧಿಕಾರಿಗಳೂ ಅರಳಿಕಟ್ಟೆಯ ಮೇಲೆ ಕುಳಿತು ಮಾತಾಡಿದರು. ಈಗ ಗೇಟು ರಾತ್ರಿ ಮಾತ್ರ ಮುಚ್ಚುತ್ತದೆ, ಭಾನುವಾರದ ಕ್ರಿಕೆಟ್ ತಂಡಗಳಲ್ಲಿ ಎರಡೂ ಕಡೆಯ ಮಕ್ಕಳಿದ್ದಾರೆ.

ಈ ಬಡಾವಣೆಗೆ ನಾನು ಹೆಚ್ಚಿನ ಅಂಕ ಕೊಡುವುದಾದರೆ ಅದು ಈ ಪಕ್ಕದ ಊರಿನ ಸಲುವಾಗಿ. ಒಂಟಿಕೊಪ್ಪಲು, ಪಡುವಾರಹಳ್ಳಿ, ಕನ್ನೇಗೌಡನಕೊಪ್ಪಲು ಹೇಗೆ ಹಳ್ಳಿಗಳಾಗಿದ್ದು ನಗರದೊಳಗೆ ಸೇರಿಕೊಂಡವೋ ಹಾಗೆಯೇ ಇದೂ ಸೇರಿಕೊಳ್ಳುತ್ತಿದೆ, ಆದರೆ ಇನ್ನೂ ತನ್ನ ನಡೆನುಡಿಯನ್ನು ಬಿಟ್ಟಿಲ್ಲ. ಬೆಳಿಗ್ಗೆ ಅಲ್ಲಿನ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಅರ್ಧ ಊರಿನ ಪರಿಚಯವಾಗುತ್ತದೆ. ಸಂಕ್ರಾಂತಿಯ ಸಂಜೆ ನಮ್ಮ ಬೀದಿಗಳಲ್ಲಿ ಹೆಣ್ಣುಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರಲು ಹೊರಟರೆ, ಆ ಕಡೆ ಹಸುಗಳಿಗೆ ಕಿಚ್ಚು ಹಾಯಿಸಲು ಹುಲ್ಲು ಹಾಸಿರುತ್ತಾರೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಎಲ್ಲರೂ ನಡೆಯುತ್ತಾರೆ. ಮಾರಿಹಬ್ಬದಲ್ಲಿ ತಂಬಿಟ್ಟಿನ ಆರತಿ ಹೊತ್ತ ಮೆರವಣಿಗೆ ಬಡಾವಣೆಯ ಮುಖ್ಯರಸ್ತೆಯಲ್ಲೇ ಹಾದುಹೋಗುತ್ತದೆ, ತಮಟೆಯ ಸದ್ದಿಗೆ ನಿದ್ದೆ ಕೆಡುತ್ತದೆಂದು ಗೊಣಗುವವರೂ ಮಹಡಿಯ ಮೇಲೆ ನಿಂತು ನೋಡುತ್ತಾರೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆ ಕೂರಿಸಿದ ಮನೆಗಳ ಪಟ್ಟಿಯನ್ನು ಸಂಘದ ಮಹಿಳೆಯರೇ ಮಾಡಿ ಹಂಚುತ್ತಾರೆ. ಮಕ್ಕಳು ಗೊಂಬೆ ಬಾಗಿನಕ್ಕಾಗಿ ಮನೆಯಿಂದ ಮನೆಗೆ ಹೋಗುವಾಗ ತಮಿಳು, ತೆಲುಗು, ಹಿಂದಿ ಮಾತಾಡುವ ಮನೆಗಳ ಮಕ್ಕಳೂ ಕನ್ನಡದ ಹಾಡು ಕಲಿತು ಬಂದಿರುತ್ತಾರೆ. ನಗರದೊಳಗಿನ ಬಾಡಿಗೆ ಮನೆಯಲ್ಲಿದ್ದಾಗ ಎದುರು ಮನೆಯವರ ಹೆಸರು ನಮಗೆ ತಿಳಿದಿರಲಿಲ್ಲ. ಇಲ್ಲಿ ಅತ್ತೆಯವರು ರಾತ್ರಿ ಜಾರಿ ಬಿದ್ದಾಗ ಆಂಬುಲೆನ್ಸ್ ಬರುವ ಮೊದಲೇ ಮೂರು ಮನೆಯವರು ಬಂದಿದ್ದರು, ಒಬ್ಬರು ಕಾರು ತೆಗೆದಿದ್ದರು.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಎಲ್ಲರಿಗೂ ಎಲ್ಲರ ವಿಷಯ ತಿಳಿದಿರುತ್ತದೆ. ಯಾರ ಮನೆಗೆ ಎಷ್ಟು ಹೊತ್ತಿಗೆ ಯಾರು ಬಂದರೆಂಬುದು ವಾಕಿಂಗ್ ಗುಂಪಿನಲ್ಲಿ ಮರುದಿನವೇ ಚರ್ಚೆಯಾಗುತ್ತದೆ. ಬೀದಿನಾಯಿಗಳಿಗೆ ಅನ್ನ ಹಾಕುವವರಿಗೂ ಬೇಡವೆನ್ನುವವರಿಗೂ ನಡುವಿನ ಜಗಳ ಇನ್ನೂ ಮುಗಿದಿಲ್ಲ, ಬೇಗ ಮುಗಿಯುವಂತೆಯೂ ಕಾಣುವುದಿಲ್ಲ. ಸಭೆಗೆ ಹೋಗಲು ಬೇಸರಪಡುವವರು, ವಂತಿಗೆ ಕೊಟ್ಟರೆ ಎಲ್ಲವೂ ತಾನಾಗಿಯೇ ನಡೆಯಬೇಕೆನ್ನುವವರು ಇಂಥ ಬಡಾವಣೆಗಿಂತ ಪಾಲಿಕೆಯ ವ್ಯಾಪ್ತಿಯಲ್ಲಿರುವ ಹಳೆಯ ಬಡಾವಣೆಯಲ್ಲಿ ಚಿಕ್ಕ ಮನೆಯನ್ನಾದರೂ ಕೊಳ್ಳುವುದು ಲೇಸು. ವಿಜಯನಗರ, ಕುವೆಂಪುನಗರಗಳ ಕಡೆ ಅದೇ ಹಣಕ್ಕೆ ಸಿಗುವ ಕಟ್ಟಡ ಹಳೆಯದಾಗಿರಬಹುದು, ಆದರೆ ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ, ಬೆಳಿಗ್ಗೆ ಕಸದ ಗಾಡಿ ಬರುತ್ತದೆ.

ಕೊಳ್ಳಲು ಮನಸ್ಸು ಮಾಡಿದವರು ಬಡಾವಣೆಯನ್ನು ಏಪ್ರಿಲ್ ಕೊನೆಯಲ್ಲೊಮ್ಮೆ, ಜೋರು ಮಳೆಯ ಮರುದಿನ ಇನ್ನೊಮ್ಮೆ ನೋಡಬೇಕು. ಮೊದಲ ಭೇಟಿಯಲ್ಲಿ ಎಷ್ಟು ಟ್ಯಾಂಕರ್‌ಗಳು ಓಡಾಡುತ್ತಿವೆ ಎಂಬುದು ಕಾಣುತ್ತದೆ. ಎರಡನೆಯದರಲ್ಲಿ ಒಳಚರಂಡಿ ನಗರದ ಜಾಲಕ್ಕೆ ಸೇರಿದೆಯೋ ಬಡಾವಣೆಯ ಗಡಿಯಲ್ಲೇ ನಿಂತು ತಗ್ಗಿನ ಹೊಲಕ್ಕೆ ಹರಿಯುತ್ತಿದೆಯೋ ಎಂಬುದನ್ನು ಮೂಗೇ ಹೇಳುತ್ತದೆ. ಹಸ್ತಾಂತರವಾಗಿದೆಯೆಂದು ಮಾರುವವರು ಹೇಳಿದರೆ ಅದರ ಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು, ಸಂಘದ ಖಜಾಂಚಿಯಿಂದ ಕಳೆದ ವರ್ಷದ ಲೆಕ್ಕಪತ್ರವನ್ನೂ ಕೇಳಬೇಕು. ನಗರ ಸಾರಿಗೆ ಬಸ್ಸುಗಳು ಬೆಳಿಗ್ಗೆ ಮತ್ತು ಸಂಜೆ ಸಾಕಷ್ಟಿವೆ, ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಗೆಲಸಕ್ಕೆ ಬರುವವರಿಗೂ ಕಾಲೇಜಿನ ಹೆಣ್ಣುಮಕ್ಕಳಿಗೂ ಅನುಕೂಲವಾಗಿದೆ. ರಾತ್ರಿ ಒಂಬತ್ತರ ಮೇಲೆ ಮಾತ್ರ ಬಸ್ಸನ್ನು ನಂಬಿ ಕೂರುವಂತಿಲ್ಲ, ವರ್ತುಲ ರಸ್ತೆಯ ಜಂಕ್ಷನ್ನಿನಿಂದ ಈಚೆಗೆ ಬರಲು ಆಟೋದವರು ಮೀಟರಿನ ಮೇಲೆ ಹೆಚ್ಚುವರಿ ಕೇಳುತ್ತಾರೆ.